ಬಕಲ್ ಸಾಹೇಬರು ನಾಪತ್ತೆ

ಕಾಲು ಮೇಲೆ. ತಲೆ ಕೆಳಗೆ.

ತಲೆಯ ಕೆಳಗೆ ಹಡಗುಕಟ್ಟೆಯ ಕಪ್ಪು ನೀರು. ಅದರ ಮೇಲೆ ತೇಲುವ ಡೀಸೆಲ್, ಒಂದು ಹರಿದ ಚಪ್ಪಲಿ, ಮತ್ತು ನನ್ನದೇ ಮುಖ!

ಕ್ರೇನಿನ ಕೊಕ್ಕೆಗೆ ನನ್ನ ಎರಡೂ ಕಾಲು ಸೇರಿಸಿ ಬಿಗಿದಿದ್ದರು. ಬೆಳಗಿನ ಬಿಸಿಲು ನೇರವಾಗಿ ಮೂಗಿನ ಹೊಳ್ಳೆಯೊಳಗೆ ಬೀಳುತ್ತಿತ್ತು.

"ಸಾರಿ ಅಕ್ಕಾ," ಕ್ರೇನಿನ ಕ್ಯಾಬಿನ್ನಿಂದ ಗೂಳಿ ಕೂಗಿದ. "ಸ್ವಲ್ಪ ತಲೆ ತಿರುಗಬಹುದು. ಕಣ್ಣು ಮುಚ್ಕೊಂಡ್ರೆ ವಾಸಿ."

ಇಷ್ಟು ಮರ್ಯಾದಸ್ಥ ರೌಡಿಯನ್ನು ನಾನು ಕಂಡಿರಲಿಲ್ಲ. ಆಳು ಬೀರುವಿನಷ್ಟಿದ್ದ. ತಲೆಯಾದ ಮೇಲೆ ಸೀದಾ ಭುಜ. ನಡುವೆ ಕುತ್ತಿಗೆ ಇಡುವುದನ್ನು ದೇವರು ಮರೆತಿದ್ದ.

ಕಟ್ಟೆಯ ಅಂಚಿನಲ್ಲಿ ಅವನ ಬಾಸ್ ನಿಂತಿದ್ದ. ಬಿಳಿ ಸೂಟು, ಬಿಳಿ ಷೂ. ಬಂದರಿನವರು ಅವನನ್ನು ಅತ್ತರು ಎಂದೇ ಕರೆಯುತ್ತಿದ್ದರು. ಅವನು ಬರುವ ಮೊದಲೇ ಅವನ ಸೆಂಟು ಬರುತ್ತಿತ್ತು. ಅವನು ಎದ್ದು ಹೋದ ಮೇಲೂ ಕುರ್ಚಿಯಲ್ಲಿ ಕೂತಿರುತ್ತಿತ್ತು. ನೌಕಾಪಡೆಗೆ ಲೈಫ್ ಜಾಕೆಟ್ ಸಪ್ಲೈ ಮಾಡುವ ದೊಡ್ಡ ಕುಳ.

"ಅಡ್ಮಿರಲ್ ಎಲ್ಲಿ?"

"ಯಾವ ಅಡ್ಮಿರಲ್?"

ಅತ್ತರು ಬೆರಳಾಡಿಸಿದ. ಕ್ರೇನ್ ಗರ್ರೆಂದಿತು. ನನ್ನ ತಲೆ ನೀರೊಳಗೆ ಹೋಯಿತು... ಹೊರಗೆ ಬಂತು.

"ಈಗ ನೆನಪಾಯ್ತಾ?"

ಬಾಯಲ್ಲಿದ್ದ ಡೀಸೆಲ್ ಉಗುಳಿದೆ. "ಆಯ್ತು. ಇಸ್ತ್ರಿಗೆ ಕೊಟ್ಟ ಕೋಟು ಇನ್ನೂ ತಂದಿಲ್ಲ."

ಮತ್ತೆ ಗರ್ರ್...!

ಈ ಗತಿಗೆ ಬಂದದ್ದು ಹೇಗೆ ಎಂದು ಕೇಳುತ್ತೀರಾ? ಹಲ್ಲುನೋವಿನಿಂದ!

ಹಿಂದಿನ ದಿನ ಬೆಳಿಗ್ಗೆ ದವಡೆ ಹಿಡಿದುಕೊಂಡು ಡೆಂಟಿಸ್ಟ್ ಹತ್ತಿರ ಹೋಗಿದ್ದೆ. ಐವತ್ತು ದಾಟಿದ ಹೆಂಗಸು. ಚುರುಕು ಕೈ. ಆದರೆ ಆ ದಿನ ಡ್ರಿಲ್ ನೋಯದ ಹಲ್ಲಿಗೆ ಇಟ್ಟರು. ಡ್ರಿಲ್ ಹಿಡಿದವರ ಗಮನ ಇನ್ನೆಲ್ಲೋ ಇದ್ದರೆ ನನಗೆ ಆಗುವುದಿಲ್ಲ.

"ಬಾಯಿ ಅಗಲ ಮಾಡಿ... ಇನ್ನೂ... ನನ್ನ ಗಂಡ ಕಾಣೆಯಾಗಿದಾರೆ."

"ಆಆ?"

"ಅಲುಗಾಡಬೇಡಿ. ನೀವು ಇಂಥ ಕೆಲಸ ಮಾಡ್ತೀರಂತೆ. ಪೊಲೀಸರ ಹತ್ರ ಹೋಗೋ ಹಾಗಿಲ್ಲ. ಪೇಪರಿನವರಿಗೆ ವಾಸನೆ ಬಡಿದ್ರೆ ಅವರ ಕೆರಿಯರ್ ಮುಗೀತು. ಹುಡುಕಿ ಕೊಡ್ತೀರಾ?"

ನನ್ನ ಬಾಯಲ್ಲಿ ಅವರ ಎರಡು ಕೈ, ಒಂದು ಕನ್ನಡಿ, ಒಂದು ಡ್ರಿಲ್. ಆಗುವುದಿಲ್ಲ ಎನ್ನಲು ನಾಲಗೆಗೆ ಜಾಗವೇ ಇರಲಿಲ್ಲ.

"ಆಆ."

"ಥ್ಯಾಂಕ್ಸ್."

ಬೇರೆಯವರ ತಲೆನೋವು ಹೊತ್ತುಕೊಳ್ಳುವುದೇ ನನ್ನ ದಂಧೆ. ಆದರೆ ಅರವಳಿಕೆ ಕೊಟ್ಟು ಕೇಸು ಹೊರಿಸಿದವರು ಇವರೇ ಮೊದಲು!

ಗಂಡ ಸಾಮಾನ್ಯ ಆಸಾಮಿಯಲ್ಲ. ವೈಸ್ ಅಡ್ಮಿರಲ್. ನೌಕಾಪಡೆಯ ಎರಡನೇ ಕುರ್ಚಿ. ಮೊದಲನೆಯ ಕುರ್ಚಿ ಖಾಲಿಯಾಗುವುದರಲ್ಲಿತ್ತು, ಅದೂ ಅವರಿಗೇ ಎಂದು ಎಲ್ಲರೂ ಮಾತಾಡುತ್ತಿದ್ದರು.

ನಾನು ಮೊದಲು ಬಂದರಿನ ಕಸ್ಟಮ್ಸ್‌ನಲ್ಲಿದ್ದವಳು. ಅವರ ಅಡ್ಡಹೆಸರು ಗೊತ್ತಿಲ್ಲದ ನಾವಿಕ ಅಲ್ಲಿರಲಿಲ್ಲ. ಬಕಲ್ ಸಾಹೇಬರು! ಯಾವ ಹಡಗಿಗೆ ಹೋದರೂ ಮೊದಲು ಫಿರಂಗಿ ನೋಡುತ್ತಿರಲಿಲ್ಲ, ಎಂಜಿನ್ ನೋಡುತ್ತಿರಲಿಲ್ಲ. ಸಾಲಾಗಿ ನಿಂತ ನಾವಿಕರ ಲೈಫ್ ಜಾಕೆಟ್ಟಿನ ಬಕಲ್ ಒಂದೊಂದನ್ನೂ ಎಳೆದು ನೋಡುತ್ತಿದ್ದರು. ಹುಡುಗರು ಬೆನ್ನ ಹಿಂದೆ ನಗುತ್ತಿದ್ದರು.

ನಗು ನಿಂತದ್ದು ಒಂದು ಬಿರುಗಾಳಿಯಲ್ಲಿ. ಆಗಿನ್ನೂ ಅವರು ಲೆಫ್ಟಿನೆಂಟ್. ಒಂದು ಸಣ್ಣ ಗಸ್ತು ಹಡಗಿನ ಜವಾಬ್ದಾರಿ. ಹಡಗು ಬಂಡೆಗೆ ಬಡಿದು ಎರಡು ತುಂಡಾಯಿತು. ಆದರೆ ಅಡುಗೆಯವನಿಂದ ಹಿಡಿದು ಕ್ಯಾಪ್ಟನ್‌ವರೆಗೆ ಒಬ್ಬನೂ ಮುಳುಗಲಿಲ್ಲ. ಎಲ್ಲರ ಬಕಲ್ಲೂ ಬಿಗಿಯಾಗಿತ್ತು! ಆಮೇಲೆ ಪದಕ ಬಂತು, ಬಡ್ತಿ ಬಂತು, ದೊಡ್ಡ ದೊಡ್ಡ ಹಡಗು ಬಂತು. ಒಂದು ಕಪ್ಪು ಚುಕ್ಕೆಯಿಲ್ಲದ ಸರ್ವೀಸು.

ಅಂಥವರು ನಾಪತ್ತೆ. ಅದೂ ವಿಚಾರಣೆಯ ಹಿಂದಿನ ದಿನ.

ವಿಚಾರಣೆ ಯಾವುದು ಎಂದರೆ... ಕೆಲವು ವಾರಗಳ ಹಿಂದೆ ತರಬೇತಿ ದೋಣಿಯೊಂದು ಮಗುಚಿತ್ತು. ಅದರಲ್ಲಿದ್ದವರೆಲ್ಲ ಅತ್ತರಿನ ಹೊಸ ಜಾಕೆಟ್ ತೊಟ್ಟಿದ್ದರು. ಅವು ತೇಲಿಸಲಿಲ್ಲ. ನೀರು ಕುಡಿದು ಕುಡಿದು ಕಲ್ಲಾದವು! ಪಕ್ಕದ ದೋಣಿಯವರು ಎಲ್ಲರನ್ನೂ ಎಳೆದುಕೊಂಡರು. ಒಬ್ಬ ಹುಡುಗ ಮಾತ್ರ ಇನ್ನೂ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ. ಅಡ್ಮಿರಲ್ ಒಂದು ಜಾಕೆಟ್ ಕೊಯ್ದು ನೋಡಿದ್ದರು. ಒಳಗೆ ಹಾಸಿಗೆ ಅಂಗಡಿಯ ಕಸದ ಸ್ಪಂಜು. ಮಾರನೇ ದಿನವೇ ಆ ದೋಣಿಯ ಜಾಕೆಟ್ಟುಗಳೆಲ್ಲ ನೌಕಾಪಡೆಯ ಉಗ್ರಾಣದಿಂದ ಮಾಯ. ಉಳಿದದ್ದು ಅಡ್ಮಿರಲ್ ಮಾತೊಂದೇ. ಅವರು ಹಾಜರಾಗದಿದ್ದರೆ ಅತ್ತರು ಸೆಂಟು ಬಳಿದುಕೊಂಡು ಆರಾಮಾಗಿ ಮನೆಗೆ ಹೋಗುತ್ತಿದ್ದ. ಆಗಲೇ ಕೆಲವು ಹಡಗು ಹತ್ತಿದ್ದ ಅದೇ ಜಾಕೆಟ್ಟು ಎಲ್ಲ ಹಡಗುಗಳಿಗೂ ಹೋಗುತ್ತಿತ್ತು!

"ರಾತ್ರಿ ಫೋನ್ ಬಂತು," ಡೆಂಟಿಸ್ಟ್ ಹೇಳಿದರು. "ಮಾತಾಡಿದ್ರು. ಮುಖ ಬಿಳುಚಿಕೊಳ್ತು. ಬೆಳಿಗ್ಗೆ ಏಳೋ ಹೊತ್ತಿಗೆ ಆಸಾಮಿ ಇಲ್ಲ."

ಮನೆ ಜಾಲಾಡಿದೆ. ಯೂನಿಫಾರ್ಮ್ ಇತ್ತು. ಷೂ, ಪರ್ಸು, ಕಾರು... ಎಲ್ಲ ಇತ್ತು.

"ಏನಾದ್ರೂ ಇಲ್ಲದ್ದು?"

ಬಚ್ಚಲುಮನೆಯಿಂದ ಅವರು ಹುಬ್ಬು ಗಂಟಿಕ್ಕಿಕೊಂಡು ಬಂದರು. "ವಿಚಿತ್ರ. ತಲೆ ಒದ್ದೆ ಆಗಬಾರದು ಅಂತ ಹಾಕ್ಕೊಳ್ತೀನಲ್ಲ, ನನ್ನ ಹೂವಿನ ಶವರ್ ಕ್ಯಾಪ್... ಅದು ಕಾಣಿಸ್ತಿಲ್ಲ."

ಓಡಿಹೋಗುವ ಗಂಡಸು ಹೆಂಡತಿಯ ಶವರ್ ಕ್ಯಾಪ್ ಯಾಕೆ ಒಯ್ಯುತ್ತಾನೆ? ಕ್ಯಾಪ್ ಇಲ್ಲದೆ ಒಳಗೆ ಬಿಡದ ಜಾಗ ಊರಲ್ಲಿ ಒಂದೇ.

ಮುನಿಸಿಪಾಲಿಟಿ ಈಜುಕೊಳ!

ಕ್ಲೋರಿನ್ ವಾಸನೆ. ಕಿರುಚಾಟ. ಬೋರ್ಡಿನ ಮೇಲೆ: ವಯಸ್ಕರಿಗೆ ಆರಂಭದ ತರಗತಿ. ಎದೆಮಟ್ಟದ ನೀರಿನಲ್ಲಿ, ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು, ಹೂವಿನ ಕ್ಯಾಪ್ ತೊಟ್ಟ ನೌಕಾಪಡೆಯ ಎರಡನೇ ಕುರ್ಚಿ ನಿಂತಿತ್ತು.

"ಕಾಲು ಬಡೀರಿ ಸಾರ್!" ಕೋಚ್ ಅರಚುತ್ತಿದ್ದ. "ಕಂಬಿ ಬಿಡಿ!"

"ಬಿಟ್ಟರೆ ಮುಳುಗ್ತೀನಿ!"

"ಸಾರ್, ಎದ್ದು ನಿಂತ್ರೆ ನೀರು ಎದೆಗೇ ಬರೋದು!"

ನಾನು ದಂಡೆಯಲ್ಲಿ ಕುಕ್ಕರಗಾಲಿನಲ್ಲಿ ಕೂತೆ. "ಸಾರ್, ನಿಮ್ಮ ಮನೆಯವರು ಕಳಿಸಿದ್ರು."

ಅವರು ಕಣ್ಣು ಮುಚ್ಚಿದರು. ಆಮೇಲೆ ಪಿಸುಗುಟ್ಟಿದರು. "ನನಗೆ... ಈಜು ಬರಲ್ಲಮ್ಮ."

ನಾನು ನಗಲಿಲ್ಲ. ನಿಜಕ್ಕೂ! ಕೆನ್ನೆ ಒಳಗಿನಿಂದ ಕಚ್ಚಿಕೊಂಡಿದ್ದೆ.

ಚಿಕ್ಕಂದಿನಲ್ಲಿ ಹೊಂಡಕ್ಕೆ ಬಿದ್ದಿದ್ದರಂತೆ. ಆವತ್ತಿನಿಂದ ನೀರೆಂದರೆ ಜೀವ ಬಾಯಿಗೆ ಬರುತ್ತಿತ್ತು. ಆದರೆ ಸಮುದ್ರದ ಹುಚ್ಚು ಬಿಡಲಿಲ್ಲ. ಹಡಗಿನ ಮೇಲಿದ್ದರೆ ಒದ್ದೆಯಾಗುವುದಿಲ್ಲವಲ್ಲ ಎಂದುಕೊಂಡು ಸೇರಿದರು. ಅಕಾಡೆಮಿಯಲ್ಲಿ ಈಜು ಪರೀಕ್ಷೆ ಬಂತು. ಜೊತೆಯ ಕೆಡೆಟ್ ಒಬ್ಬ, ಎಲ್ಲರೂ ಮೀನು ಎಂದು ಕರೆಯುತ್ತಿದ್ದವನು, ಇವರ ನಂಬರಿನ ಕ್ಯಾಪ್ ತೊಟ್ಟು ಈಜಿಬಿಟ್ಟ. ಒಮ್ಮೆ ಪಾಸಾದ ಮೇಲೆ ಮತ್ತೆ ಯಾರೂ ಕೇಳಲಿಲ್ಲ. ಇಡೀ ಸರ್ವೀಸು ಹಾಗೇ ಕಳೆಯಿತು!

"ಆ ಮೀನು ಈಗ ಅತ್ತರಿನ ಗೋಡೌನಿನಲ್ಲಿ ಸೂಪರ್‌ವೈಸರ್," ಅಡ್ಮಿರಲ್ ಹೇಳಿದರು. "ರಾತ್ರಿ ಅತ್ತರು ಫೋನ್ ಮಾಡಿದ್ದ, ನಾನು ವಿಚಾರಣೆಗೆ ಹೋದ್ರೆ ಮೀನೂ ಬರ್ತಾನಂತೆ. ಎಲ್ಲ ಹೇಳ್ತಾನೆ. ಅದಕ್ಕೇ ಇವತ್ತು ಕಲಿತುಬಿಡೋಣ ಅಂತ... ಕಲಿತುಬಿಟ್ರೆ ಅವನ ಮಾತು ಸುಳ್ಳಾಗುತ್ತಲ್ಲ?"

ನಾನು ಕೋಚ್ ಕಡೆ ನೋಡಿದೆ. ಅವನು ಕೈ ಚೆಲ್ಲಿದ. "ಮೇಡಂ, ಬೆಳಿಗ್ಗೆಯಿಂದ ಇದೇ ಕಂಬಿ."

ಈಜುಕೊಳದ ಗೇಟಿನಲ್ಲಿ ಜೀಪೊಂದು ನಿಂತಿತ್ತು. ಒಳಗೆ ಅತ್ತರಿನ ಹುಡುಗರು. ಹಿಂದಿನ ಬಾಗಿಲಿನಿಂದ, ಒದ್ದೆ ಚಡ್ಡಿಯಲ್ಲೇ, ಟವೆಲ್ ಹೊದಿಸಿ ಅಡ್ಮಿರಲ್‌ರನ್ನು ಆಟೊಗೆ ತುರುಕಿದೆ. ಸೀದಾ ನಮ್ಮಮ್ಮನ ಮನೆ. ಅಲ್ಲಿಗೆ ನುಗ್ಗುವ ಧೈರ್ಯ ಯಾವ ರೌಡಿಗೂ ಇಲ್ಲ. ನನಗೇ ಇಲ್ಲ!

ಸಂಜೆಗೆ ಅವರು ನಮ್ಮಪ್ಪನ ಹಳೆ ಪೈಜಾಮದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕೆಲಸ ಮಾಡದವರಿಗೆ ಅಮ್ಮ ಊಟ ಹಾಕುವವಳಲ್ಲ. ಕತೆ ಪೂರ್ತಿ ಕೇಳಿ ಅವಳು ಮೂಗು ಮುರಿದಳು.

"ಈಜು ಬರಲ್ಲ, ಅಷ್ಟೇ ತಾನೆ? ನೀನೇ ಹೇಳಿಬಿಡಪ್ಪ. ನೀನು ಹೇಳಿದ ಮೇಲೆ ಆ ಸೆಂಟಿನವನ ಹತ್ರ ಇನ್ನೇನು ಉಳಿಯುತ್ತೆ?"

"ನನ್ನ ಕೆರಿಯರ್ ಹೋಗುತ್ತಮ್ಮ."

"ಹೇಳದಿದ್ರೆ ಆ ಹುಡುಗರು ಹೋಗ್ತಾರೆ. ಸಿಪ್ಪೆ ದಪ್ಪಗೆ ತೆಗೀಬೇಡ."

ಅಡ್ಮಿರಲ್ ಮುಂದಿನ ಎಸಳು ಎತ್ತಿಕೊಂಡರು. ಈ ಸಲ ಸಿಪ್ಪೆ ತೆಳ್ಳಗಿತ್ತು.

ಬೆಳಿಗ್ಗೆ ಡೆಂಟಿಸ್ಟ್‌ಗೆ ಫೋನ್ ಮಾಡಿ ಯೂನಿಫಾರ್ಮ್ ತರಲು ಹೇಳಿ, ನಾನು ಮೀನನ್ನು ಹುಡುಕಿಕೊಂಡು ಗೋಡೌನಿಗೆ ಹೋದೆ. ಹಳೆ ಸ್ನೇಹಿತ. ಎರಡು ಒಳ್ಳೆ ಮಾತಾಡಿದರೆ ಕರಗಬಹುದು ಎಂದುಕೊಂಡೆ. ಮೀನು ಇರಲಿಲ್ಲ, ಆಗಲೇ ಅವನನ್ನು ವಿಚಾರಣೆಗೆ ಸಾಗಿಸಿಬಿಟ್ಟಿದ್ದರು. ಇದ್ದದ್ದು ಗೂಳಿ. ಮತ್ತು ಕ್ರೇನು.

ಹಾಗೆ ನೇತಾಡುತ್ತಿದ್ದೆ. ಮೂರನೇ ಮುಳುಗು ಮುಗಿದಿತ್ತು. ಮೂಗು ಉರಿ, ಕಿವಿ ಗುಂಯ್!

"ಕೊನೇ ಸಲ ಕೇಳ್ತೀನಿ," ಅತ್ತರು ಹೇಳಿದ. "ಅಡ್ಮಿರಲ್ ಎಲ್ಲಿ? ಆತ ವಿಚಾರಣೆಗೆ ಬರಬಾರದು. ಹೇಳದಿದ್ರೆ ಹಗ್ಗ ಕತ್ತರಿಸ್ತೀನಿ."

"ಕಾಲು ಕಟ್ಟಿದೆ, ಈಜೋಕಾಗಲ್ಲ. ಒಂದು ಲೈಫ್ ಜಾಕೆಟ್ ಆದ್ರೂ ಕೊಡಪ್ಪ. ನಿನ್ನ ಗೋಡೌನಿನಲ್ಲಿ ಬೇಕಾದಷ್ಟಿದೆ."

ಅತ್ತರು ಹೊಟ್ಟೆ ಹಿಡಿದುಕೊಂಡು ನಕ್ಕ. "ಅದನ್ನ ಹಾಕ್ಕೊಂಡ್ರೆ ಇನ್ನೂ ಬೇಗ ತಳ ಸೇರ್ತೀಯ!"

ಕ್ರೇನ್ ನಿಂತಿತು.

ಮೇಲಿನಿಂದ ಸಣ್ಣ ದನಿ ಬಂತು. "ಬಾಸ್... ಆ ಜಾಕೆಟ್ ತೇಲಲ್ವಾ?"

"ನಿನ್ನ ಕೆಲಸ ನೋಡ್ಕೋ."

"ಪೇಪರಿನವರದ್ದೆಲ್ಲ ಸುಳ್ಳು ಅಂದಿದ್ರಿ. ನನ್ನ ತಮ್ಮ ನೇವೀಲಿದಾನೆ ಬಾಸ್. ಹೋದ ವಾರ ಹಡಗು ಹತ್ತಿದ. ಅಣ್ಣಾ, ನಿಮ್ಮ ಕಂಪನೀದೇ ಜಾಕೆಟ್ ಕೊಟ್ಟಿದಾರೆ ಅಂತ ಫೋಟೊ ಕಳಿಸಿದ."

ಕ್ರೇನ್ ಮೆಲ್ಲಗೆ ತಿರುಗಿತು. ನನ್ನನ್ನು ಕಟ್ಟೆಯ ಮೇಲೆ, ತೊಟ್ಟಿಲಲ್ಲಿ ಮಲಗಿಸುವಷ್ಟು ಜೋಪಾನವಾಗಿ ಇಳಿಸಿತು. ಅತ್ತರು ಅಪಾಯ ಮೂಸಿದ. ಕಾಲಿಗೆ ಬುದ್ಧಿ ಹೇಳಿದವನೇ ಮೋಟಾರ್ ಬೋಟಿಗೆ ಹಾರಿ, ಬಂದರಿನ ಆಚೆ ದಡಕ್ಕೆ ಹೊರಟ. ವಿಚಾರಣೆ ಅಲ್ಲೇ, ನೌಕಾಪಡೆಯ ಹಾಲ್‌ನಲ್ಲಿ.

ಗೂಳಿ ಹಗ್ಗ ಬಿಚ್ಚಿದ. ಅವನ ಕಣ್ಣು ತುಂಬಿತ್ತು. "ಅಕ್ಕಾ, ಉಗ್ರಾಣದಿಂದ ಎತ್ತಿಕೊಂಡು ಬಂದ ಜಾಕೆಟ್ಟು ಇಲ್ಲೇ ಇದಾವೆ. ನಾನೇ ಹೊತ್ತು ತಂದಿದ್ದು."

"ಗಾಡಿ ಇದೆಯಾ?"

"ಐಸ್ ಲಾರಿ ಇದೆ."

ಒಂದು ಕಟ್ಟು ಜಾಕೆಟ್ ಕ್ಯಾಬಿನ್ನಿಗೆ ಎಸೆದುಕೊಂಡು ಹೊರಟೆವು. ಸೇತುವೆ ತಲುಪುವ ಮೊದಲೇ ಹಿಂದೆ ಹಾರ್ನು! ಅದೇ ಜೀಪು. ಬಾಸ್ ಫೋನ್ ಮಾಡಿದ್ದ.

ಢಣ್! ಲಾರಿಯ ಬಂಪರಿಗೆ ಗುದ್ದಿದರು.

"ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕಾ."

"ಏನನ್ನ?"

"ಏನಾದ್ರೂ!"

ಕ್ಯಾಬಿನ್ನಿನ ಹಿಂದಿನ ಕಿಟಕಿಯಿಂದ ತೂರಿ ಐಸಿನ ಮೇಲೆ ಬಿದ್ದೆ. ಮೊದಲೇ ಒದ್ದೆ, ಈಗ ಹಲ್ಲು ಕಟಕಟ. ಹಿಂದಿನ ಹಲಗೆಯ ಚಿಲಕವನ್ನು ಕಾಲಿನಿಂದ ಒದ್ದು ತೆಗೆದೆ. ದೊಡ್ಡ ದೊಡ್ಡ ಐಸ್ ಗಡ್ಡೆ ಒಂದರ ಹಿಂದೊಂದು ರಸ್ತೆಗೆ ಜಾರಿದವು. ಜೀಪು ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಒಂದು ಸುತ್ತು ಗಿರಕಿ ಹೊಡೆಯಿತು... ರಸ್ತೆ ಬದಿಯ ಸೋಫಾ ಅಂಗಡಿಗೆ ನುಗ್ಗಿತು. ತಿರುಗಿ ನೋಡಿದಾಗ ಜೀಪಿನಲ್ಲಿದ್ದ ನಾಲ್ವರೂ ಮೆತ್ತನೆಯ ಸೋಫಾದಲ್ಲಿ ಬೆಪ್ಪಾಗಿ ಕೂತಿದ್ದರು. ಅಂಗಡಿಯವನು ಬೆಲೆ ಹೇಳುತ್ತಿದ್ದಂತೆ ಕಾಣಿಸಿತು.

ಹಾಲ್ ಬಾಗಿಲು ತಳ್ಳಿದಾಗ ವಿಚಾರಣೆ ಆಗಲೇ ಶುರುವಾಗಿತ್ತು.

ಮೇಲೆ ಅಧ್ಯಕ್ಷರ ಕುರ್ಚಿಯಲ್ಲಿ ನಿವೃತ್ತ ನ್ಯಾಯಾಧೀಶೆ. ಒಂದು ಕಡೆ ಅತ್ತರು, ಅವನ ವಕೀಲ, ಮತ್ತು ತಲೆ ತಗ್ಗಿಸಿ ಕೂತ ಬೊಕ್ಕತಲೆಯ ದಪ್ಪ ಮನುಷ್ಯ. ಅವನೇ ಮೀನು. ಇನ್ನೊಂದು ಕಡೆ ಡೆಂಟಿಸ್ಟ್ ಪಕ್ಕದಲ್ಲಿ ನಮ್ಮಮ್ಮ! ನಡುವೆ ಬಿಳಿ ಯೂನಿಫಾರ್ಮ್, ಎದೆ ತುಂಬ ಪದಕ. ಬಕಲ್ ಸಾಹೇಬರು ನೆಟ್ಟಗೆ ನಿಂತಿದ್ದರು.

"ಅವರು ಹೇಳೋಕೆ ಮೊದಲು ನಾನೇ ಹೇಳ್ತೀನಿ ಮೇಡಂ. ನನಗೆ ಈಜು ಬರಲ್ಲ. ಪರೀಕ್ಷೇಲಿ ನನ್ನ ಬದಲು ನನ್ನ ಸ್ನೇಹಿತ ಈಜಿದ. ತಪ್ಪು ನನ್ನದು, ಅವನದಲ್ಲ."

ಮೀನು ಮುಖ ಮುಚ್ಚಿಕೊಂಡ.

ವಕೀಲ ಎದ್ದ. "ನೀರಿಗೆ ಹೆದರೋ ಮನುಷ್ಯ ಲೈಫ್ ಜಾಕೆಟ್ ಬಗ್ಗೆ ಸಾಕ್ಷಿ ಹೇಳ್ತಾರಂತೆ! ಇವರಿಗೇನು ಗೊತ್ತು?"

"ಹೆದರೋನಿಗೇ ಗೊತ್ತಿರೋದು," ಅಡ್ಮಿರಲ್ ಹೇಳಿದರು. ದನಿ ಏರಲಿಲ್ಲ. "ಈಜು ಬರೋರು ಜಾಕೆಟ್ ಸುಮ್ಮನೆ ತೊಟ್ಟುಕೊಳ್ತಾರೆ. ನಾನು ಪ್ರತಿ ಸಲ ಹಡಗು ಹತ್ತಿದಾಗಲೂ ಅದೊಂದನ್ನೇ ನಂಬಿ ಹತ್ತಿದವನು. ಹಡಗು ಒಡೆದ ದಿನ ರಾತ್ರಿಯೆಲ್ಲ ಅದರಲ್ಲಿ ತೇಲಿದೀನಿ. ಒಳಗೆ ಏನಿರಬೇಕು ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ."

"ಬರೀ ಮಾತು! ಆ ಜಾಕೆಟ್ ಎಲ್ಲಿ?"

"ಇಲ್ಲಿ!" ಎಂದು ಕೂಗಿದೆ.

ಎಲ್ಲ ತಲೆ ತಿರುಗಿದವು. ನನ್ನ ಕೂದಲಲ್ಲಿ ಡೀಸೆಲ್, ಭುಜದ ಮೇಲೆ ಐಸಿನ ಚೂರು. ಹಿಂದೆ ಜಾಕೆಟ್ಟಿನ ಕಟ್ಟು ಹೊತ್ತ ಗೂಳಿ. ನ್ಯಾಯಾಧೀಶೆ ಕನ್ನಡಕ ಸರಿ ಮಾಡಿಕೊಂಡರು. ಜಾಕೆಟ್ಟಿನ ಬೆನ್ನಿನ ಮೇಲೆ ಅತ್ತರಿನ ಕಂಪನಿಯ ಮುದ್ರೆ ಎದ್ದು ಕಾಣುತ್ತಿತ್ತು.

"ಇದು ನಿಮ್ಮ ಮಾಲೋ ಅಲ್ವೋ?" ಅವರು ಅತ್ತರನ್ನು ಕೇಳಿದರು.

ಅತ್ತರು ಬೆವರು ಒರೆಸಿಕೊಂಡ. ಸೆಂಟಿಗೆ ಬೆವರು ಸೇರಿ ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡರು. "ನಮ್ಮದೇ ಮೇಡಂ. ಫಸ್ಟ್ ಕ್ಲಾಸ್ ಮಾಲು."

"ಹಾಗಿದ್ರೆ ತೊಟ್ಟುಕೊಂಡು ನೀರಿಗೆ ಹಾರಿ," ನಾನು ಹೇಳಿದೆ. "ಹೊರಗೇ ಜೆಟ್ಟಿ ಇದೆ."

"ನನಗೆ... ನೆಗಡಿ."

ಹಾಲ್ ಗೊಳ್ಳೆಂದಿತು. ನಗು ಮುಗಿಯುವಷ್ಟರಲ್ಲಿ ಅಡ್ಮಿರಲ್ ಒಂದು ಜಾಕೆಟ್ ಎತ್ತಿಕೊಂಡಿದ್ದರು. ತೊಟ್ಟರು. ಬಕಲ್ ಹಾಕಿದರು. ಎಳೆದು ನೋಡಿದರು.

"ರೀ!" ಡೆಂಟಿಸ್ಟ್ ಚೀರಿದರು. "ನಿಮಗೆ ತಲೆ ಕೆಟ್ಟಿದೆಯಾ?"

"ಇನ್ನು ಹುಡುಗರ ಮೇಲೆ ಪರೀಕ್ಷೆ ಮಾಡೋದು ಬೇಡ ಕಣೇ."

ನಡೆದೇಬಿಟ್ಟರು. ಜೆಟ್ಟಿಯ ತುದಿ. ಹಿಡಿಯಲು ಓಡಿದೆ. ಮೂಗು ಹಿಡಿದುಕೊಂಡರು, ಕಣ್ಣು ಮುಚ್ಚಿದರು...

ಧುಡುಂ!

ಮೇಲೆ ಬಂದರು. ಜಾಕೆಟ್ ಗುಳಗುಳ ಎಂದಿತು. ಎದೆ ಮುಳುಗಿತು. ಗಲ್ಲ ಮುಳುಗಿತು. ಟೋಪಿ ಮಾತ್ರ ತೇಲಿತು!

"ಲೋ, ತಡಿಯೋ!" ನನ್ನ ಪಕ್ಕದಿಂದ ಯಾರೋ ಹಾರಿದರು. ಮೀನು! ಕೋಟು, ಬೂಟು ಸಮೇತ. ಎರಡು ಸಲ ಕೈ ಬೀಸಿದ. ಆಮೇಲೆ "ಅಯ್ಯೋ ಕಾಲು!" ಎಂದು ಅವನೂ ಮುಳುಗಿದ. ವಯಸ್ಸಾಗಿತ್ತು, ಹೊಟ್ಟೆ ಬಂದಿತ್ತು, ಮೀನಖಂಡ ಹಿಡಿದುಕೊಂಡಿತ್ತು.

ಜೆಟ್ಟಿಯಲ್ಲಿ ಕಾವಲಿದ್ದ ನಾವಿಕರು ಆರ್ಡರಿಗೆ ಕಾಯಲಿಲ್ಲ. ಧುಡುಂ, ಧುಡುಂ, ಧುಡುಂ! ಇಬ್ಬರನ್ನೂ ದಡಕ್ಕೆಳೆದರು. ಅಡ್ಮಿರಲ್ ಮಗ್ಗುಲಾದರು. ಕೆಮ್ಮಿದರು. ಒಂದು ಚೊಂಬು ನೀರು ಹೊರಗೆ ಬಂತು. ಕಣ್ಣು ಬಿಟ್ಟು ನ್ಯಾಯಾಧೀಶೆಯನ್ನು ಹುಡುಕಿದರು.

"ಬರೆದುಕೊಳ್ಳಿ ಮೇಡಂ... ಮುಳುಗುತ್ತೆ."

ಅತ್ತರು ಗುಂಪಿನೊಳಗಿಂದ ಜಾರಿ ಗೇಟಿನತ್ತ ಹೊರಟಿದ್ದ. ಗೂಳಿ ಓಡಲಿಲ್ಲ, ಹೊಡೆಯಲಿಲ್ಲ. ಕಾಲು ಅಡ್ಡ ಇಟ್ಟ. ಬಿದ್ದವನ ಮೇಲೆ ಕೂತ. ಪೊಲೀಸರು ಬರುವವರೆಗೂ ಏಳಲಿಲ್ಲ. ಬಿಳಿ ಸೂಟಿನ ಇಸ್ತ್ರಿ ಪೂರ್ತಿ ಹಾಳಾಯಿತು.

ಜಾಕೆಟ್ಟುಗಳೆಲ್ಲ ಹಡಗುಗಳಿಂದ ಇಳಿದವು. ಆಸ್ಪತ್ರೆಯ ಹುಡುಗ ಒಂದು ಮಧ್ಯಾಹ್ನ ಕಣ್ಣು ಬಿಟ್ಟು, ಹಸಿವು ಎಂದ. ಗೂಳಿ ಜೈಲಿಗೆ ಹೋಗಿ ಬಂದು, ಈಗ ಕ್ರೇನನ್ನು ಬರೀ ಸಾಮಾನೆತ್ತಲು ಓಡಿಸುತ್ತಾನೆ.

ಮೊದಲನೇ ಕುರ್ಚಿ ಅಡ್ಮಿರಲ್‌ಗೆ ಸಿಗಲಿಲ್ಲ. ಯಾರೂ ಕೇಳುವ ಮೊದಲೇ ಅವರೇ ರಾಜೀನಾಮೆ ಕೊಟ್ಟರು. ಕೊನೆಯ ದಿನ ಹಡಗಿನಿಂದ ಇಳಿಯುವಾಗ ಡೆಕ್ಕಿನ ಮೇಲೆ ಸಾಲುಗಟ್ಟಿದ ನಾವಿಕರು ಸೆಲ್ಯೂಟ್ ಹೊಡೆಯಲಿಲ್ಲ. ಎಲ್ಲರೂ ಒಟ್ಟಿಗೆ ತಮ್ಮ ಬಕಲ್ ಎಳೆದು ತೋರಿಸಿದರು. ಟಕ್! ಸಾಹೇಬರು ಕೊನೆಯಲ್ಲಿ ನಿಂತವನ ಬಕಲ್ಲನ್ನು ಇನ್ನೊಮ್ಮೆ ಎಳೆದು ನೋಡಿ ಇಳಿದರು. ಕೆಳಗೆ ಮೀನು ಕಾರಿನ ಬಾಗಿಲು ತೆರೆದು ಕಾಯುತ್ತಿದ್ದ.

"ಬೇಜಾರಿಲ್ವಾ ಸಾರ್?" ನಾನು ಕೇಳಿದೆ.

"ಇದೆಯಮ್ಮ. ಆದ್ರೆ ಇಷ್ಟು ವರ್ಷ, ಎಲ್ಲಿ ಯಾರಿಗೆ ಗೊತ್ತಾಗುತ್ತೋ ಅಂತ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಈಗ ಮಲಗಿದ ತಕ್ಷಣ ನಿದ್ದೆ."

ಅದು ನಿಜ. ಮುಂದಿನ ವಾರ ಡೆಂಟಿಸ್ಟ್ ನನ್ನ ಆಫೀಸಿಗೇ ಬಂದರು. ಕಣ್ಣು ಕೆಂಪಗಿತ್ತು.

"ಗೊರಕೆ ಹೊಡೀತಾರೆ! ಹಡಗಿನ ಹಾರ್ನಿನ ಹಾಗೆ! ಇಡೀ ದಿನ ಮನೇಲೇ ಇರ್ತಾರೆ. ನನ್ನ ಅಡುಗೆಮನೆ ಡಬ್ಬಿ ಮುಚ್ಚಳ ಎಲ್ಲ ಎಳೆದು ಎಳೆದು ನೋಡ್ತಾರೆ. ಏನಾದ್ರೂ ಮಾಡಿ!"

ನಾನು ಎದ್ದು ಬಾಗಿಲು ತೆರೆದೆ. ಬಾಯಲ್ಲಿ ಈ ಸಲ ಡ್ರಿಲ್ ಇರಲಿಲ್ಲ.

"ಡಾಕ್ಟ್ರೇ, ಕಳೆದುಹೋದ ಗಂಡನನ್ನ ಹುಡುಕಿ ಕೊಡೋದಷ್ಟೇ ನನ್ನ ಕೆಲಸ. ಒಮ್ಮೆ ಡೆಲಿವರಿ ಆದ ಮಾಲನ್ನ ನಾನು ವಾಪಸ್ ತಗೊಳ್ಳಲ್ಲ!"